ಊಟದ ಕಂತುಗಳು

ಹಾಸಿಗೆಯಲ್ಲಿ ಮಲಗಿದ್ದ ಅಜ್ಜಿಗಿಂತ ಫೋನಿನೊಳಗಿನ ಅಜ್ಜಿಯೇ ನನಗೆ ಹೆಚ್ಚು ಇಷ್ಟವಾಗತೊಡಗಿದ್ದಳು. ಯಾರ ಮುಂದೆಯೂ ಹೇಳಿಕೊಳ್ಳುವಂಥ ಮಾತಲ್ಲ ಇದು. ಒಂದು ದಿನ ಡೈರಿಯಲ್ಲಿ ಬರೆದೆ. ಬರೆದು ಓದಿದರೆ ಇನ್ನೂ ಕೆಟ್ಟದಾಗಿ ಕಂಡಿತು, ಮೇಲೆ ಗೀಟೆಳೆದೆ. ಹಾಸಿಗೆಯ ಅಜ್ಜಿಗೆ ಮೂತ್ರದ ವಾಸನೆ. ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ನನ್ನ ಹೆಸರು ಮರೆತು "ಏ ಇವಳೇ" ಎನ್ನುತ್ತಿದ್ದಳು. ಫೋನಿನ ಅಜ್ಜಿಗೆ ಇನ್ನೂ ಮೂವತ್ತೈದು ದಾಟಿಲ್ಲ. ಅವಳು "ಬಾ ಕಂದಾ, ಕೈ ತೊಳ್ಕೊಂಡು ಬಾ, ಆರಿ ಹೋಗುತ್ತೆ" ಎಂದರೆ, ಪಾತ್ರೆ ತಿಕ್ಕುತ್ತಿದ್ದ ನಾನೇ ಎದ್ದು ಹೋಗಿ ತಟ್ಟೆಯ ಮುಂದೆ ಕೂರಬೇಕು ಅನ್ನಿಸುತ್ತಿತ್ತು.

ಅಜ್ಜಿ ರೇಡಿಯೋ ನಾಟಕದವಳೆಂದು ನನಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಬರುತ್ತಿದ್ದ ಕಾಲುಗಂಟೆಯ ಧಾರಾವಾಹಿಯೊಂದರಲ್ಲಿ ಅವಳು ತಾಯಿ. ಮಗನನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಗುಬ್ಬಿಗೆ ಜ್ವರ ಬಂದರೆ ಊರಿಗೆಲ್ಲ ಸಂಕಟವಂತೆ. ಕೆಲಸದ ಅರ್ಜಿ ತುಂಬಲು ಕೂತವಳು ಬೇಸರಕ್ಕೆ ಅಜ್ಜಿಯ ಹೆಸರು ಹಾಕಿ ಹುಡುಕಿದೆ. ಯಾರೋ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು, ಆ ಕಾಲದಲ್ಲಿ ರೇಡಿಯೋದ ಎದುರು ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಂಡಿದ್ದ ಕ್ಯಾಸೆಟ್ಟುಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿದ್ದರು. ನಾಟಕದ ಜೊತೆ ಅವರ ಮನೆಯೂ ಟೇಪಿನೊಳಗೆ ಸೇರಿಕೊಂಡಿತ್ತು. ಕುಕ್ಕರಿನ ಸೀಟಿ, ಎಲ್ಲೋ ನಾಯಿ, ಪ್ರತಿ ಕಂತಿನಲ್ಲೂ ಒಂದು ಮಗುವಿನ ಕೆಮ್ಮು. ಮಳೆಯ ಸದ್ದಿನಂಥ ಸರಸರದ ಹಿಂದಿನಿಂದ ಅಜ್ಜಿಯ ಧ್ವನಿ ಮೇಲೆದ್ದು ಬರುತ್ತಿತ್ತು. ನಾನು ಬಟ್ಟೆ ಒಗೆಯುವಾಗ, ನೆಲ ಒರೆಸುವಾಗ, ಮಹಡಿಯ ಮೆಟ್ಟಿಲ ಮೇಲೆ ಕೂತು ತರಕಾರಿ ಹೆಚ್ಚುವಾಗ ಕೇಳಿದ್ದೇ ಕೇಳಿದ್ದು. ಕಣ್ಣಿಗೆ ಏನೂ ತೋರಿಸದೆ ಒಂದು ಇಡೀ ಮನೆಯನ್ನು ಕಿವಿಯಲ್ಲಿ ಕಟ್ಟುತ್ತಿದ್ದರು. ಬಾಗಿಲು ಎಲ್ಲಿದೆ, ಒಲೆ ಯಾವ ಮೂಲೆಯಲ್ಲಿದೆ, ಗುಬ್ಬಿ ಚಪ್ಪಲಿ ಎಲ್ಲಿ ಎಸೆಯುತ್ತಾನೆ ಎಲ್ಲವೂ ನನಗೆ ಬಾಯಿಪಾಠವಾಯಿತು.

ಒಂದು ಮಧ್ಯಾಹ್ನ ಇಯರ್‌ಫೋನಿನ ತಂತಿ ಕಿತ್ತುಬಂತು. ಅಜ್ಜಿಯ ಕೋಣೆಯಲ್ಲೇ ಇದ್ದೆ. ಧ್ವನಿ ಹೊರಗೆ ಬಿತ್ತು. ಮೊದಲು ಕೆಮ್ಮು ಕೇಳಿಸಿತು.

"ಯಾರೇ ಅದು ಸ್ಟುಡಿಯೋದಲ್ಲಿ ಕೆಮ್ಮೋದು?" ಎಂದಳು ಅಜ್ಜಿ. ತಿಂಗಳುಗಳಿಂದ ಅವಳ ಬಾಯಿಂದ ಒಂದು ವಾಕ್ಯ ಪೂರ್ತಿ ಬಂದಿರಲಿಲ್ಲ.

ನಾನು ಆಫ್ ಮಾಡಲಿಲ್ಲ. ಅವಳ ಕೈ ಹೊದಿಕೆಯ ಅಂಚನ್ನು ಹಿಡಿದು, ಸದ್ದಾಗದಂತೆ ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟಿತು. ಮತ್ತೆ ಎತ್ತಿ ಮತ್ತೆ ಇಟ್ಟಿತು. ನಾಟಕದ ಹಾಳೆ ತಿರುವುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾಟಕದಲ್ಲಿ ತಾಯಿ ಮಗ ಊಟಕ್ಕೆ ಕೂತರು. ರೇಡಿಯೋದವರು ಬರೀ ಬಾಯಲ್ಲಿ ಅಗಿಯುತ್ತ ಊಟದ ಸದ್ದು ಮಾಡಬೇಕಲ್ಲ, ಅಜ್ಜಿಯ ದವಡೆಯೂ ಆಡತೊಡಗಿತು. ಕಚ್ಚಿದ ಹಲ್ಲು ಬಿಟ್ಟಿತ್ತು, ತುಟಿ ತೆರೆದಿತ್ತು. ಪಕ್ಕದಲ್ಲಿ ಆರಿದ ಗಂಜಿ ಇತ್ತು. ಚಮಚ ಒಳಗಿಟ್ಟೆ. ಇಳಿಯಿತು. ಗುಬ್ಬಿ ಇನ್ನೊಂದು ತುತ್ತು ತಿಂದ, ಅಜ್ಜಿ ಇನ್ನೊಂದು ಚಮಚ ಕುಡಿದಳು.

ಸಂಜೆ ಆಸ್ಪತ್ರೆಯ ಲಾಂಡ್ರಿಯಿಂದ ಬಂದ ಅಮ್ಮ ಖಾಲಿ ಬಟ್ಟಲು ನೋಡಿ, "ಚೆಲ್ಲಿದ್ಯಾ?" ಎಂದಳು.

"ಕುಡಿದಳು."

"ಪೂರ್ತಿ?"

ಮರುದಿನ ತಾನೇ ಕಣ್ಣಾರೆ ನೋಡಿದ ಮೇಲೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನು ಇಷ್ಟು ವರ್ಷ ಅನ್ನ ಹಾಕಿದೀನಿ, ಚೆನ್ನಾಗಿದೆ ಅಂತ ಒಂದು ದಿನ ಅಂದೋರಲ್ಲ. ಊಟಾನೇ ಇಲ್ಲದ ನಾಟಕದ ಊಟಕ್ಕೆ ನೋಡು ಹೇಗೆ ಬಾಯಿ ಬಿಡ್ತಾರೆ" ಎಂದಳು. ಆದರೆ ಅಂದಿನಿಂದ ಅವಳೂ ಕೇಳತೊಡಗಿದಳು. ಕೆಲಸದಿಂದ ಬಂದವಳೇ ಸೊಪ್ಪು ಬಿಡಿಸುತ್ತ ಅಜ್ಜಿಯ ಮಂಚದ ಬುಡದಲ್ಲಿ ಕೂರುವಳು. "ಆ ಪಕ್ಕದ ಮನೆಯವಳು ಇದಾಳಲ್ಲ, ಅವಳ ಬಾಯಿಗೆ ಬೆಂಕಿ ಹಾಕ. ಮುಂದಿನದು ಹಾಕೇ." ನಾನು ಎಲ್ಲ ಕಂತುಗಳಲ್ಲೂ ಹುಡುಕಿ, ಊಟ ಬರುವ ಕಂತುಗಳನ್ನು ಬೇರೆ ಮಾಡಿಟ್ಟೆ. ಬೆಳಿಗ್ಗೆ ತಿಂಡಿಯ ದೃಶ್ಯ, ಮಧ್ಯಾಹ್ನ ಊಟದ ದೃಶ್ಯ. ಒಂದು ಮುಗಿದ ಕೂಡಲೇ ನಿಲ್ಲಿಸುತ್ತಿದ್ದೆ. ಅಜ್ಜಿಯ ಕೆನ್ನೆಯಲ್ಲಿ ಕೊಂಚ ಮಾಂಸ ಬಂತು. ಪಾತ್ರದ ಮಾತುಗಳನ್ನು ಧ್ವನಿಗಿಂತ ಒಂದು ಹೆಜ್ಜೆ ಮುಂದೆ ಹೇಳತೊಡಗಿದಳು.

ಅಪ್ಪ ಮಾತ್ರ ಆ ಸದ್ದು ಕೇಳಿದರೆ ಚಪ್ಪಲಿ ಮೆಟ್ಟುತ್ತಿದ್ದರು. ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಫ್ಯಾನು, ಮಿಕ್ಸಿಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು. ಊಟವನ್ನು ಅಂಗಡಿಗೇ ಕಳಿಸಲು ಹೇಳಿದರು. ಒಂದು ಭಾನುವಾರ ತಟ್ಟೆಯ ಮುಂದಿನಿಂದ ಅರ್ಧಕ್ಕೇ ಎದ್ದರು.

"ಆಫ್ ಮಾಡು ಅದನ್ನ."

"ಅಜ್ಜಿ ಉಣ್ತಿದಾಳೆ ಅಪ್ಪ," ಎಂದೆ. ನನ್ನ ಧ್ವನಿ ನನಗೇ ಕೇಳಿಸಿತೋ ಇಲ್ಲವೋ.

ಅಮ್ಮ ಒಳಗಿನಿಂದಲೇ ಎಂದಳು: "ಗುಟುಕು ಗಂಜಿ ಇಳಿಸೋಕೆ ನಾವು ಪಟ್ಟ ಪಾಡು ನೀವು ನೋಡಿದೀರಾ? ಮೋಟಾರಿಗೆ ತಂತಿ ಸುತ್ತಿದಷ್ಟು ಸುಲಭ ಅಲ್ಲ ನಿಮ್ಮಮ್ಮನ ಬಾಯಿ ಬಿಡಿಸೋದು."

"ನನಗೆ ಆ ಧ್ವನಿ ಆಗಲ್ಲ ಅಂದ್ರೆ ಆಗಲ್ಲ."

"ಆಗದೇ ಇರೋಕೆ ಏನು ಹುಲಿ ಕೂಗ್ತಿದ್ಯಾ?"

ಅಪ್ಪ ಚಪ್ಪಲಿ ಮೆಟ್ಟಿ ಹೋದರು. ಉತ್ತರ ಕೊಟ್ಟವರು ಸೋದರತ್ತೆ, ಅಪ್ಪನ ಅಕ್ಕ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಭಾನುವಾರ ಬಂದು ಅಜ್ಜಿಯ ತಲೆ ಬಾಚಿ, ಉಗುರು ಕತ್ತರಿಸಿ ಹೋಗುತ್ತಿದ್ದರು. ಫೋನಿನ ಧ್ವನಿ ಕೇಳುತ್ತ ಬಾಚಣಿಗೆ ಹಿಡಿದ ಕೈ ನಿಂತೇ ಹೋಯಿತು.

"ರೆಕಾರ್ಡಿಂಗ್ ಇದ್ದ ದಿನ ಅಮ್ಮನ ಬಾಯಿಗೆ ಬೀಗ ಕಣೇ," ಎಂದರು. "ಧ್ವನಿ ಒಡೆಯುತ್ತೆ ಅಂತ ಬೆಳಿಗ್ಗೆಯಿಂದ ಒಂದು ಮಾತಿಲ್ಲ. ಕೈಯಲ್ಲಿ ಸ್ಲೇಟು. 'ಹಾಲು ಕಾಯಿಸು.' 'ತಮ್ಮನ ಚಡ್ಡಿ ಒಗೆ.' ವಾರಕ್ಕೆ ಐದು ದಿನ ರೆಕಾರ್ಡಿಂಗ್, ಇನ್ನೆರಡು ದಿನ ಗಂಟಲಿಗೆ ರಜ. ಊರಿಗೆಲ್ಲ ಇವಳು ಅಮ್ಮ. ನಮಗೆ ಅಮ್ಮ ಅಂದ್ರೆ ಸೀಮೆಸುಣ್ಣ."

"ಅಪ್ಪನ್ನ ಏನಂತ ಕರೀತಿದ್ದಳು?"

"ಚಪ್ಪಾಳೆ ತಟ್ಟೋಳು. ಒಂದು ತಟ್ಟಿದ್ರೆ ನಾನು, ಎರಡು ತಟ್ಟಿದ್ರೆ ಅವನು." ಸೋದರತ್ತೆ ನಕ್ಕರು, ಆಮೇಲೆ ನಗಲಿಲ್ಲ. "ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಕೂಡಲೇ ಓಡಿ ಬರೋನು ನಿಮ್ಮಪ್ಪ. ರೇಡಿಯೋ ಮುಂದೆ ತಟ್ಟೆ ಇಟ್ಕೊಂಡು ಕೂರೋನು. ಇವಳು ಅಲ್ಲಿಂದ 'ಇನ್ನೊಂದು ತುತ್ತು ತಿನ್ನೋ ಗುಬ್ಬಿ' ಅಂದ್ರೆ ಇವನು ಇಲ್ಲಿ ಇನ್ನೊಂದು ತುತ್ತು ತಿನ್ನೋನು. ಪಕ್ಕದ ಮನೆಯೋರು ಕಿಟಕಿಯಿಂದ ನೋಡಿ ನಕ್ಕರು. ಅವತ್ತಿಗೆ ಬಿಟ್ಟ."

"ಗುಬ್ಬಿ ಕೊನೆಗೆ ಏನಾದ?"

"ಸತ್ತ. ಪಾತ್ರ ಮಾಡ್ತಿದ್ದ ಹುಡುಗನಿಗೆ ಮೀಸೆ ಬಂದು ಗಂಟಲು ಒಡೀತು. ಬೇರೆಯವನನ್ನ ಹುಡುಕೋ ಬದಲು ಹೊಳೆಗೆ ತಳ್ಳಿಬಿಟ್ಟರು. ಊರೆಲ್ಲ ಅತ್ತಿದ್ದೇ ಅತ್ತಿದ್ದು. ನಿಮ್ಮಪ್ಪ ಅವತ್ತು ಖುಷಿಗೆ ಸಕ್ಕರೆ ಡಬ್ಬಿ ಖಾಲಿ ಮಾಡಿದ."

ಹೊಳೆಯ ಕಂತನ್ನು ನಾನು ಬೇರೆಯಾಗಿ ಕೇಳಿ ನೋಡಿದೆ. ಅಜ್ಜಿ ಅದರಲ್ಲಿ ಅಳುವುದಿಲ್ಲ. ಮಗನ ಚಪ್ಪಲಿಗಳನ್ನು ಜೋಡಿಸಿಡುತ್ತಾಳೆ, ಆ ಸದ್ದು ಮಾತ್ರ. ನಾನು ಪೂರ್ತಿ ಕೇಳಲಾರದೆ ನಿಲ್ಲಿಸಿದೆ. ಅದರ ಹತ್ತಿರಕ್ಕೂ ಅಜ್ಜಿಯನ್ನು ಒಯ್ಯಬಾರದೆಂದು ಆವತ್ತೇ ನಿಶ್ಚಯಿಸಿದೆ.

ಮುಂದಿನ ವಾರ ಅಪ್ಪ ಮರೆತ ಕನ್ನಡಕಕ್ಕೆಂದು ನಡುಮಧ್ಯಾಹ್ನ ಮನೆಗೆ ಬಂದರು. ಆಗತಾನೇ ಒಂದು ಕಂತು ಮುಗಿದಿತ್ತು. ಬಾಗಿಲು ಕಿರ್ ಎಂದದ್ದೇ ತಡ, ಅಜ್ಜಿ ದಿಂಬಿನಿಂದ ತಲೆಯೆತ್ತಿದಳು.

"ಬಂದ್ಯಾ ಗುಬ್ಬಿ? ಎಲ್ಲಿ, ಕೈ ತೋರ್ಸು. ಇಷ್ಟೊಂದು ಮಸಿ ಎಲ್ಲಿ ಬಳ್ಕೊಂಡೆ ಕಂದಾ?"

ಅಪ್ಪನ ಕೈ ನಿಜಕ್ಕೂ ಮಸಿಯಾಗಿತ್ತು, ಮೊಣಕೈವರೆಗೆ ಗ್ರೀಸು, ವಾರ್ನಿಷಿನ ವಾಸನೆ. ಅವರು ಹೊಸ್ತಿಲ ಮೇಲೆ ನಿಂತೇ ಬಿಟ್ಟರು. ಅಜ್ಜಿಯನ್ನು ನೋಡಿ, ನನ್ನನ್ನು ನೋಡಿದರು.

"ಯಾರನ್ನ ಕರೀತಿದಾಳೆ?"

"ನಿಮ್ಮನ್ನೇ ಅಪ್ಪ," ಎಂದೆ.

ಆ ಗಳಿಗೆಯಲ್ಲಿ ಅದು ಸುಳ್ಳು ಅನ್ನಿಸಲಿಲ್ಲ. ಕೈ ಅವರದೇ, ಮಸಿಯೂ ಅವರದೇ.

ಅಪ್ಪ ಬಚ್ಚಲಿಗೆ ಹೋಗಿ ತುಂಬಾ ಹೊತ್ತು ಕೈ ತೊಳೆದರು. ಬಂದು ಮಂಚದ ಪಕ್ಕ ಕೈ ಚಾಚಿ ನಿಂತರು. "ತೊಳ್ಕೊಂಡೆ ಅಮ್ಮ."

"ಉಗುರು?"

ಮತ್ತೆ ಹೋಗಿ ಉಗುರು ತಿಕ್ಕಿಕೊಂಡು ಬಂದರು.

ಅಂದಿನಿಂದ ಅಪ್ಪ ಬೇರೆ ಮನುಷ್ಯ. ಮಧ್ಯಾಹ್ನ ಅಂಗಡಿಯ ಷಟರ್ ಎಳೆದು ಮನೆಗೆ ಬರುವರು. ನನ್ನ ಫೋನು ಇಸಿದುಕೊಂಡು ಗುಬ್ಬಿಯ ಮಾತುಗಳನ್ನು ಕೇಳಿ ಕೇಳಿ ಕಲಿತರು. ಹೊಸ್ತಿಲಲ್ಲಿ ನಿಂತು "ಅಮ್ಮಾ, ಹೊಟ್ಟೆ ಹಸೀತಿದೆ" ಎನ್ನುವರು. ಅದು ಪ್ರತಿ ಕಂತಿನಲ್ಲೂ ಗುಬ್ಬಿ ಒಳಗೆ ಬರುವಾಗ ಆಡುವ ಮಾತು. ಅಜ್ಜಿಯ ಮುಖ ಅರಳುವುದು. "ಬಂದ್ಯಾ ನನ್ನಪ್ಪಾ." ಒಂದೇ ಬಟ್ಟಲಲ್ಲಿ ಅವಳಿಗೊಂದು ಚಮಚ, ತಮಗೊಂದು ಚಮಚ. ಅಂಗಡಿಯಿಂದ ಬರುವಾಗ ತಮಗೆ ತಾವೇ ಸಿಳ್ಳೆ ಹಾಕುತ್ತಿದ್ದುದನ್ನು ನಾನು ಕೇಳಿದ್ದೇನೆ.

"ಐವತ್ತೈದರ ಗುಬ್ಬಿ ನೋಡೇ," ಎಂದು ಅಮ್ಮ ನನ್ನ ತಿವಿದಳು. "ಹೊಟ್ಟೆ ಹೊತ್ಕೊಂಡು ಹೇಗೆ ಹಾರಿ ಬರ್ತಿದೆ." ಆಮೇಲೆ ಅವರಿಗೂ ಕೇಳುವಂತೆ, "ಪಂಪು ಸುಟ್ಟೋರು ಬಂದು ಷಟರ್ ಬಡಿದು ಹೋಗ್ತಿದಾರಂತೆ ರೀ."

"ಬಡೀಲಿ. ನಾಳೆ ಬರ್ತಾರೆ."

"ಅವರು ನಾಳೆ ಬೇರೆ ಅಂಗಡಿಗೆ ಹೋಗ್ತಾರೆ."

"ಹೋಗ್ಲಿ ಬಿಡೇ," ಎಂದರು ಅಪ್ಪ, ಗಂಜಿ ಊದುತ್ತ. ಈ ಧಾಟಿಯಲ್ಲಿ ಅವರು ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ.

ಹೊಳೆಯ ಕಂತಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಭಾನುವಾರ ಅಜ್ಜಿಗೆ ರಬ್ಬರ್ ಶೀಟು, ಹಳೆಯ ಹತ್ತಿ ಬಟ್ಟೆ ತರಬೇಕಿತ್ತು. ಸೋದರತ್ತೆ ಆ ವಾರ ಬರುವಂತಿರಲಿಲ್ಲ. "ನೀವಿಬ್ಬರೂ ಹೋಗಿ ಬನ್ನಿ, ನಾನು ನೋಡ್ಕೋತೀನಿ," ಎಂದರು ಅಪ್ಪ. ಫೋನು ಅವರ ಕೈಗೆ ಕೊಟ್ಟು ಹೋದೆ. ಊಟ ಮುಗಿಸಿ, ಅಜ್ಜಿಯ ಪಕ್ಕದ ಕುರ್ಚಿಯಲ್ಲೇ ಅವರಿಗೆ ಜೋಂಪು ಹತ್ತಿತು. ಒಂದು ಮುಗಿದರೆ ಫೋನು ತಾನಾಗಿಯೇ ಮುಂದಿನದಕ್ಕೆ, ಬೇರೆ ಮಾಡಿಟ್ಟವು ಮುಗಿದರೆ ಉಳಿದ ಕಂತುಗಳಿಗೆ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ.

ಬೀದಿಯ ತಿರುವಿನಲ್ಲೇ ನಮಗೆ ಕೂಗು ಕೇಳಿಸಿತು. ನಾಟಕವೆಂದುಕೊಂಡೆ. ಫೋನಿನ ಅಜ್ಜಿ ಹಾಗೆಲ್ಲ ಕೂಗುವುದಿಲ್ಲ ಎಂದು ನೆನಪಾದ ಮೇಲೆ ಓಡಿದೆ.

ಅಪ್ಪ ಗೋಡೆಗೆ ಆತು ನಿಂತಿದ್ದರು. ಅಜ್ಜಿ ಮಂಚದಿಂದ ಅರ್ಧ ಕೆಳಗೆ ಜಾರಿ, ನೆಲದ ಮೇಲಿದ್ದ ನನ್ನ ಚಪ್ಪಲಿಗಳನ್ನು ಜೋಡಿಸುತ್ತಿದ್ದಳು. ಜೋಡಿಸುವಳು, ಕೂಗುವಳು, ಮತ್ತೆ ಬೇರೆ ಮಾಡಿ ಜೋಡಿಸುವಳು.

"ಕಣ್ಣು ಹತ್ತಿತು," ಎಂದರು ಅಪ್ಪ. "ಒಂದೇ ಒಂದು ಗಳಿಗೆ ಕಣ್ಣು ಹತ್ತಿತು."

ಆ ಸಂಜೆ ಗಂಜಿ ಹಿಡಿದು ಕೂತೆ. ಅಜ್ಜಿ ಮುಖ ತಿರುಗಿಸಿದಳು. "ಮನೇಲಿ ಹೆಣ ಇಟ್ಕೊಂಡು ಯಾರಾದ್ರೂ ಉಣ್ತಾರೇನೇ?" ಎಂದಳು. ಮರುದಿನ ಹಳೆಯ ಊಟದ ಕಂತೊಂದನ್ನು ಹಾಕಿದೆ, ಗುಬ್ಬಿ ನಗುನಗುತ್ತ ಬರುವಂಥದು. ಅವಳು ಕಿವಿ ಮುಚ್ಚಿಕೊಂಡಳು. "ಸತ್ತವನನ್ನ ಯಾಕೆ ಮಾತಾಡಿಸ್ತೀರಾ?" ಅಲ್ಲಿಗೆ ರೇಡಿಯೋ ಮುಗಿಯಿತು.

ಕೆಲವು ದಿನ ಕಳೆದ ಮೇಲೆ ಒಂದು ಗೊತ್ತಾಯಿತು. ಬೆಳಗಿನ ಹೊತ್ತು ಎದ್ದಾಗ ಅಜ್ಜಿಗೆ ಸಾವು ನೆನಪಿರುತ್ತಿರಲಿಲ್ಲ. ಯಾವ ಸದ್ದೂ ಇಲ್ಲದೆ, ಗುಬ್ಬಿ ಎಂಬ ಹೆಸರು ಬೀಳದೆ, ಸುಮ್ಮನೆ ಪಕ್ಕದಲ್ಲಿ ಕೂತು ಚಮಚ ಕೊಟ್ಟರೆ ಒಂದಷ್ಟು ಇಳಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ಬಂದು ಹೊಸ್ತಿಲಲ್ಲಿ ನಿಲ್ಲುವರು.

"ಅಮ್ಮಾ, ಹೊಟ್ಟೆ ಹಸೀತಿದೆ."

ಅಜ್ಜಿ ಗೋಡೆಯತ್ತ ಸರಿಯುವಳು. "ಯಾರೇ ಇವನು? ನನ್ನ ಮಗನ ಮಾತು ಕದ್ದು ಆಡ್ತಿದಾನೆ. ಸತ್ತ ಮಗುವಿನ ಮಾತು. ಓಡಿಸೇ ಇವನ್ನ." ಆಮೇಲೆ ಸಾವು ಹೊಸದಾಗಿ ನೆನಪಾಗಿ ಕೂಗು. ಬಾಯಲ್ಲಿದ್ದದ್ದೂ ಹೊರಗೆ. ಇಡೀ ದಿನ ಮುಚ್ಚಿದ ಹಲ್ಲು.

ಅಪ್ಪ ಬಿಡಲಿಲ್ಲ. ಗಡ್ಡ ಬೋಳಿಸಿಕೊಂಡು ಬಂದರು. ಧ್ವನಿ ಸಣ್ಣ ಮಾಡಿ ಹೇಳಿದರು. ಕೈಗೆ ಬೇಕೆಂದೇ ಮಸಿ ಬಳಿದುಕೊಂಡು ಬಂದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ.

ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಬರುತ್ತಿದ್ದ ನರ್ಸ್ ಒಮ್ಮೆ ಅದನ್ನು ಕಣ್ಣಾರೆ ಕಂಡಳು. ಹೊರಡುವಾಗ ಅಮ್ಮನನ್ನು ಬಾಗಿಲಿಗೆ ಕರೆದಳು. "ಎದೆಬಡಿತ ನೋಡಿದ್ರಾ? ಹಕ್ಕಿ ಹಿಡಿದಂಗಿದೆ. ಆ ಮನುಷ್ಯರನ್ನ ಒಳಗೆ ಬಿಡಬೇಡಿ."

"ಅವರು ಮಗ."

"ಮಗನೇ ಇರಲಿ. ಹೀಗೇ ಹೊಟ್ಟೆಗಿಲ್ಲದೆ ಹೆದರ್ತಾ ಇದ್ರೆ ಹೆಚ್ಚು ದಿನ ಇರಲ್ಲ ಇವರು. ಹೋಗೋದಂತೂ ಹೋಗ್ತಾರೆ, ಹೆದರ್ಕೊಂಡು ಯಾಕೆ ಹೋಗ್ಬೇಕು?"

ಭಾನುವಾರ ಸೋದರತ್ತೆ ಬಂದಾಗ ಊಟದ ತಟ್ಟೆಗಳ ಮುಂದೆಯೇ ಜಗಳ ಹತ್ತಿತು.

"ನಿನಗೇನು ಬಂದಿದೆಯೋ?" ಎಂದರು ಸೋದರತ್ತೆ. "ನರ್ಸ್ ಹೇಳಿದ್ದು ಕೇಳಿಸಲಿಲ್ವಾ?"

"ನರ್ಸಿಗೇನು ಗೊತ್ತು ನಮ್ಮಮ್ಮನ ವಿಷಯ?"

"ನಿಮಗೆ ಗೊತ್ತಿದ್ರೆ ಸುಮ್ನಿರ್ತಿದ್ರಿ," ಎಂದಳು ಅಮ್ಮ. "ಎಲುಬು ಎಣಿಸಬಹುದು ಈಗ. ಮಗು ಬೆಳಿಗ್ಗೆ ಪ್ರಾಣ ತೇದು ನಾಲ್ಕು ಚಮಚ ಇಳಿಸ್ತಾಳೆ, ನೀವು ಬಂದು ಕಕ್ಕಿಸ್ತೀರಾ."

"ನೀನು ನಡುವೆ ಬರಬೇಡ. ಇದು ನನ್ನ, ನಮ್ಮಮ್ಮನ ವಿಷಯ."

"ಓಹೋ. ಹೇಲು ಉಚ್ಚೆ ಬಾಚೋವಾಗ ಮಾತ್ರ ನಡುವೆ ಬರಬೇಕು ನಾನು."

ಅಪ್ಪ ತಟ್ಟೆಯನ್ನು ದೂರ ತಳ್ಳಿದರು. "ಐವತ್ತು ವರ್ಷ ಕಾದಿದೀನಿ ಕಣ್ರೇ. ಬಂದ್ಯಾ ಅಂದಳು, ಕೈ ಹಿಡ್ಕೊಂಡಳು. ಇವಳು ನೋಡಿದಾಳೆ. ಕೇಳಿ ಇವಳನ್ನ. ಇವಳೇ ಅಂದಿದ್ದು, ನಿಮ್ಮನ್ನೇ ಕರೀತಿದಾಳೆ ಅಂತ. ಅಂದ್ಯೋ ಇಲ್ವೋ?"

ಮೂವರೂ ನನ್ನತ್ತ ತಿರುಗಿದರು. ನಾನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಬಚ್ಚಲಿಗೆ ಒಯ್ದೆ.

"ಕರೆದ ಬಾಯಿ ಮತ್ತೆ ಕರೆಯುತ್ತೆ," ಎಂದು ಅಪ್ಪ ಹೇಳುತ್ತಿದ್ದುದು ನೀರಿನ ಸದ್ದಿನಲ್ಲೂ ಕೇಳಿಸಿತು.

ಸೋದರತ್ತೆ ಕೈ ತೊಳೆಯುವ ನೆಪದಲ್ಲಿ ಹಿಂದೆಯೇ ಬಂದರು. ಮೆಲ್ಲಗೆ ಎಂದರು: "ಯಾರಾದ್ರೂ ಹೇಳಬೇಕು ಇವನಿಗೆ. ನಾನು ಹೇಳಿದ್ರೆ, 'ನಿನಗೆ ಅಷ್ಟೂ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು' ಅಂತಾನೆ. ಅದೂ ಸುಳ್ಳಲ್ಲ. ನಿಮ್ಮಮ್ಮ ಹೇಳಿದ್ರೆ ಸೊಸೆ ಮಾತು ಅಂತಾನೆ." ನನ್ನ ಕಡೆ ನೋಡದೆ ಕೈ ಒರೆಸಿಕೊಂಡು ಹೋದರು.

ಮರುದಿನ ಅಮ್ಮ ಕೆಲಸಕ್ಕೆ ಹೋಗಿದ್ದಳು. ಅಜ್ಜಿಯ ತಲೆಯನ್ನು ಮೊಣಕೈಯ ಮೇಲೆ ಎತ್ತಿಟ್ಟುಕೊಂಡು ಗಂಜಿ ಕೊಡುತ್ತಿದ್ದೆ. ಆ ತಲೆಗೆ ತೂಕವೇ ಇರಲಿಲ್ಲ. ಮೊದಲ ಚಮಚ ಇಳಿಯಿತು. ಎರಡನೆಯದು ತುಟಿಯಂಚಿನಿಂದ ಹರಿಯಿತು, ಬೆರಳಿಂದ ಒಳಗೆ ಸರಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತ, ಹೆದರಿಕೆಯಿಲ್ಲದೆ, ಯಾರದೋ ಮನೆಗೆ ಊಟಕ್ಕೆ ಬಂದವಳ ಹಾಗೆ ಸಂಕೋಚದಿಂದ ಅಗಿಯುತ್ತಿದ್ದಳು. ಮುಂಬಾಗಿಲು ಕಿರ್ ಎಂದಿತು.

ಬಚ್ಚಲಲ್ಲಿ ನೀರು ಬಿಟ್ಟ ಸದ್ದು. ಉಗುರು ತಿಕ್ಕುವ ಸದ್ದು. ಅಜ್ಜಿಯ ದವಡೆ ನಿಂತಿತು.

ಬಟ್ಟಲನ್ನು ಕೆಳಗಿಟ್ಟು, ಅವಳ ತಲೆಯನ್ನು ದಿಂಬಿಗೆ ಇಳಿಸಿ, ಎದ್ದು ಹೋಗಿ ಹೊಸ್ತಿಲಲ್ಲಿ ನಿಂತೆ. ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಅಪ್ಪ ಬಂದರು. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿದ್ದರು, ಶಾಲೆಗೆ ಹೊರಟ ಹುಡುಗನ ಹಾಗೆ.

"ಪಕ್ಕಕ್ಕೆ ಸರಿ ಪುಟ್ಟಿ," ಎಂದರು.

ನಾನು ಸರಿಯಲಿಲ್ಲ.

"ಸರಿಯೇ. ಇವತ್ತು ಕರೀತಾಳೆ. ಬೆಳಿಗ್ಗೆ ಎದ್ದಾಗಿನಿಂದ ನನಗೆ ಅನ್ನಿಸ್ತಿದೆ." ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು, ಉಸಿರೆಳೆದುಕೊಂಡರು, ಬಾಯಿ ತೆರೆದರು.

"ಅಪ್ಪ," ಎಂದೆ. ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ನಾನು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು. "ಅಜ್ಜಿ ಕರೀತಿದ್ದದ್ದು ನಿಮ್ಮನ್ನಲ್ಲ. ಒಂದು ದಿನಾನೂ ನಿಮ್ಮನ್ನಲ್ಲ."